ಒಂದು ಬಿಲ್ಲೆ ಕಮ್ಮಿ

ಗಣಿ ಮುಚ್ಚಿದ ಊರಿನಲ್ಲಿ ಸಾಮಾನ್ಯವಾಗಿ ಒಂದು ಮ್ಯೂಸಿಯಂ ತೆರೆಯುತ್ತದೆ. ಅದಕ್ಕೆ ಹಳೇ ಗಣಿ ಕೆಲಸಗಾರರೊಬ್ಬರು ಗೈಡ್ ಆಗುತ್ತಾರೆ. ನೀವು ಟಿಕೆಟ್ ತಗೊಂಡು ಬಂದವರು ಅನ್ನೋದು ಅವರ ಲೆಕ್ಕಕ್ಕೇ ಇಲ್ಲ. ಅವರ ಪಾಲಿಗೆ ನೀವು ತಡವಾಗಿ ಬಂದ ಮೊದಲ ಪಾಳಿ.

ನಮಗೆ ಸಿಕ್ಕವರು ಬಾಗಿಲಲ್ಲೇ ಎಲ್ಲರಿಗೂ ನಂಬರ್ ಕೊರೆದ ಹಿತ್ತಾಳೆ ಬಿಲ್ಲೆ ಹಂಚಿದರು. ಹಿಂದೆ ಎಷ್ಟೋ ಗಣಿಗಳಲ್ಲಿ ಇದೇ ಪದ್ಧತಿ. ಇಳಿಯುವಾಗ ಬಿಲ್ಲೆ ಜೇಬಿಗೆ, ಮೇಲೆ ಬಂದಾಗ ಬೋರ್ಡಿನ ಮೊಳೆಗೆ. ಪಾಳಿ ಮುಗಿದ ಮೇಲೂ ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಕೆಳಗೇ ಇದ್ದಾನೆ ಅಂತ. "ಕಳೆದುಬಿಟ್ಟೀರಿ, ಜೋಕೆ" ಎಂದು ನನ್ನ ಮುಖ ನೋಡಿ ಹೇಳಿದರು. ಮಾವನವರ ಮುಖ ನೋಡಿ ಹೇಳಬೇಕಿತ್ತು.

ಆಮೇಲೆ ಮಾದರಿ ಸುರಂಗ. ನಾನು ಸ್ವಲ್ಪ ಜಾಸ್ತಿಯೇ ಉದ್ದ. ಗಣಿ ತೋಡುವವರಿಗೆ ಬೇಕಾದ್ದು ಅದಿರು. ಬರೀ ಬಂಡೆ ಒಡೆದರೆ ಕೂಲಿಯೂ ದಂಡ, ಸಿಡಿಮದ್ದೂ ದಂಡ. ಹಾಗಾಗಿ ಅದಿರಿನ ಪಟ್ಟೆ ಎಷ್ಟು ದಪ್ಪವೋ, ದಾರಿಯೂ ಹೆಚ್ಚುಕಮ್ಮಿ ಅಷ್ಟೇ. ಇದನ್ನು ಮೊದಲನೇ ತೊಲೆ ನನ್ನ ತಲೆಗೆ ವಿವರಿಸಿತು. ಎರಡನೇದು ಮನದಟ್ಟು ಮಾಡಿಸಿತು. ಹೆಲ್ಮೆಟ್ ಕೊಟ್ಟಿದ್ದರು, ನಿಜ. ಅದು ಕಣ್ಣಿನ ಮೇಲೆ ಜಾರಿದ್ದರಿಂದ ಮೂರನೇದು ಕಾಣಲೇ ಇಲ್ಲ.

ತೊಲೆ ಮರದ್ದೇ ಯಾಕೆ ಗೊತ್ತಾ? ಭಾರ ಮೀರಿದರೆ ಮರ ಮುರಿಯುವ ಮುಂಚೆ ಕಿರ್ ಅನ್ನುತ್ತದೆ. ಓಡೋಕೆ ಒಂದಿಷ್ಟು ಹೊತ್ತು ಸಿಗುತ್ತದೆ. ಗೈಡ್ ಇದನ್ನು ಹೇಳಿ ಮುಗಿಸಿದ್ದೇ ತಡ, ಹಿಂದಿನಿಂದ 'ಕಿರ್ರ್' ಅಂತು. ಎಲ್ಲರೂ ದಡಬಡ ಬಾಗಿಲ ಕಡೆ ನುಗ್ಗಿದೆವು. ನಾಲ್ಕನೇ ತೊಲೆ! ಸದ್ದು ಬಂದದ್ದು ಮಾವನವರ ಹೊಸ ಬೂಟಿನಿಂದ.

ಮುಂದಿನ ಕೋಣೆಯಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1815ರಲ್ಲಿ ರೂಪಿಸಿದಂಥ ದೀಪ ಇತ್ತು. ಬೆಂಕಿಯ ಸುತ್ತ ತಂತಿಬಲೆ. ಬಲೆ ಕಾವನ್ನು ಹೀರಿಕೊಳ್ಳುತ್ತದೆ, ಹೊರಗಿನ ಮೀಥೇನ್‌ಗೆ, ಅಂದರೆ ಗಣಿಯೊಳಗೆ ಸೇರಿಕೊಂಡು ಸಿಡಿಯುವ ಅನಿಲಕ್ಕೆ, ಕಿಡಿ ತಗಲುವುದಿಲ್ಲ. ಆದರೆ ನನ್ನ ಕಣ್ಣು ನೆಟ್ಟದ್ದು ಪಕ್ಕದ ಹಕ್ಕಿ ಪಂಜರದ ಮೇಲೆ. ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಪತ್ತೆಗೆ, ಮನುಷ್ಯರಿಗಿಂತ ಮೊದಲೇ ಅದರಿಂದ ಬೀಳುವ ಕ್ಯಾನರಿ ಹಕ್ಕಿ ಒಯ್ಯುತ್ತಿದ್ದರಲ್ಲ, ಬ್ರಿಟನ್ನಿನಲ್ಲಿ ಅವಕ್ಕೆ ರಜೆ ಸಿಕ್ಕಿದ್ದು 1986ರಲ್ಲಿ. ಕೆಲವು ಪಂಜರಗಳಿಗೆ ಪುಟ್ಟ ಆಕ್ಸಿಜನ್ ಸಿಲಿಂಡರ್ ಕೂಡ ಇರುತ್ತಿತ್ತು. ಹಕ್ಕಿ ತೂಕಡಿಸಿ ಬಿದ್ದರೆ ಬಾಗಿಲು ಮುಚ್ಚಿ, ಗಾಳಿ ಬಿಟ್ಟು ಎಬ್ಬಿಸೋದು. ಎಷ್ಟು ಕಾಳಜಿ ಅಲ್ವಾ? ಹಣೆಯ ಬುಗುಟಿಗೆ ಒಂದು ಚೂರು ಮಂಜುಗಡ್ಡೆ ಕೇಳಿದೆ. ಇಲ್ಲ ಅಂದರು.

ಹೊರಗೆ ಬಂದು ಬಿಲ್ಲೆ ನೇತುಹಾಕಿದರೆ 11ನೇ ಮೊಳೆ ಖಾಲಿ. ಸುರಂಗ ನಕಲಿ, ಒಳಗೆ ಯಾರೂ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ ಗೈಡ್ ಮುಖ ಬಿಗಿದುಕೊಂಡು, ಟಾರ್ಚ್ ಹಿಡಿದು ಒಳಗೆ ನಡೆದೇಬಿಟ್ಟರು. ಬೆನ್ನಿಗೇ ಮಾವನವರು. "ಯಾರ್ರೀ ಅದು 11?" ಎಂದು ಕೂಗುತ್ತಾ, ಗುದ್ದಲಿ ಹಿಡಿದು ನಿಂತಿದ್ದ ಗೊಂಬೆಯನ್ನೂ ವಿಚಾರಿಸಿದರು. ನನ್ನನ್ನು ಮತ್ತೆ ನಾಲ್ಕೂ ತೊಲೆಗಳ ಕೆಳಗೆ ಅಟ್ಟಿದರು. ಈಗಿನವರಿಗೆ ಜವಾಬ್ದಾರಿಯೇ ಇಲ್ಲ ಎಂದು ಬೈದರು. ಕೊನೆಗೆ ಬೆವರೊರೆಸಲು ಕರವಸ್ತ್ರ ಎಳೆದರು ನೋಡಿ, ಅದರ ಜೊತೆ 11 ನಂಬರ್ ಠಣ್ ಅಂತ ನೆಲಕ್ಕೆ ಬಿತ್ತು.

ಗೈಡ್ ತುಟಿ ಪಿಟಕ್ಕೆನ್ನದೆ ಅದನ್ನೆತ್ತಿ ಮೊಳೆಗೆ ಹಾಕಿದರು. ಮಾವನವರು ನನ್ನ ಕಡೆ ತಿರುಗಿ, "ನಾನು ಹೇಳಲಿಲ್ವಾ, ಸರಿಯಾಗಿ ಹುಡುಕಿದರೆ ಸಿಗ್ತಾರೆ ಅಂತ" ಅಂದರು.