ಅಳಿಯನ ಆಯಿಲ್ ಪುರಾಣ

ಒಂದು ಭಾನುವಾರ ಬೆಳಗ್ಗೆ, ಕಾರಿನ ಇಂಜಿನ್ ಆಯಿಲನ್ನು ನಾನೇ ಬದಲಾಯಿಸುತ್ತೇನೆ ಅಂತ ಮನೆಯಲ್ಲಿ ಘೋಷಿಸಿದೆ. ಘೋಷಿಸುವುದು ನನ್ನ ಹಳೇ ಕಾಯಿಲೆ. ಹೆಂಡತಿ ಪೇಪರಿನಿಂದ ತಲೆ ಎತ್ತದೆ "ಹೂಂ" ಅಂದಳು. ಆ ಹೂಂಕಾರದಲ್ಲಿ ಹದಿನೆಂಟು ವರ್ಷದ ಅನುಭವ ಇತ್ತು.

ಕಾರು ಮಾವನವರದ್ದು. ಅಂದರೆ ಅವರು ಓಡಿಸಿ ಓಡಿಸಿ ಸಾಕಾಗಿ ನಮಗೆ ದಾಟಿಸಿದ್ದು. 1996ರ ಮಾಡೆಲ್, ಆಟೋಮ್ಯಾಟಿಕ್ ಗೇರ್. ಕೀ ಕೊಡುವಾಗ ಒಂದೇ ಮಾತು ಹೇಳಿದ್ದರು. "ಅಳಿಯಂದ್ರೇ, ಏನು ಬೇಕಾದ್ರೂ ಮಾಡಿ, ಗೇರ್ ಬಾಕ್ಸ್ ಆಯಿಲ್ ಮಾತ್ರ ಮುಟ್ಟಬೇಡಿ. ಹಳೇದು. ಹೊಸ ಆಯಿಲ್ ಬಿದ್ರೆ ಕೂತುಬಿಡುತ್ತೆ."

ಮುಟ್ಟುವ ಉದ್ದೇಶ ನನಗೂ ಇರಲಿಲ್ಲ. ಇದು ದಾಖಲಾಗಲಿ.

ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು ಕಾರಿನಡಿ ನುಸುಳಿದೆ. ಅಲ್ಲಿ ಎರಡು ಬೋಲ್ಟ್ ಕಂಡವು. ಎರಡೂ ಒಂದೇ ಸೈಜು, ಎರಡಕ್ಕೂ ಒಂದೇ ಥರ ಮಣ್ಣು ಮೆತ್ತಿತ್ತು. ಕೈಗೆ ಹತ್ತಿರ ಇದ್ದದ್ದಕ್ಕೆ ಸ್ಪ್ಯಾನರ್ ಹಾಕಿದೆ. ಬೇಸಿನ್‌ಗೆ ಕಂದು ಬಣ್ಣದ ಎಣ್ಣೆ ಸುರಿಯಿತು. ಇಂಜಿನ್ ಆಯಿಲ್ ಇಷ್ಟು ದಿನಕ್ಕೆ ಕಪ್ಪಗಾಗಿರಬೇಕಲ್ವಾ ಅಂತ ಒಂದು ಸಣ್ಣ ಅನುಮಾನ ಬಂತು. ಮಾವ ಕಾರನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ಅಂದುಕೊಂಡು ಆ ಅನುಮಾನವನ್ನೂ ಅಲ್ಲೇ ಸುರಿದೆ. ಬೋಲ್ಟ್ ಬಿಗಿದೆ. ಮೇಲೆ ಬಂದು ನಾಲ್ಕು ಲೀಟರ್ ಹೊಸ ಇಂಜಿನ್ ಆಯಿಲ್ ಹಾಕಿದೆ. ಕೈ ತೊಳೆದೆ. ಬೀಗಿದೆ.

ಸಂಜೆ ಹೊರಡಬೇಕು. ಹೆಂಡತಿ ಬ್ಯಾಗ್ ಹಿಡಿದು ಪಕ್ಕದಲ್ಲಿ ಕೂತಳು. ಸ್ಟಾರ್ಟ್ ಮಾಡಿ ರಿವರ್ಸ್‌ಗೆ ಹಾಕಿದೆ. ಇಂಜಿನ್ ಗುಂಯ್ ಅಂತು. ಕಾರು ಕದಲಲಿಲ್ಲ. ಆಕ್ಸಿಲರೇಟರ್ ಒತ್ತಿದೆ. ಸದ್ದು ಮಾತ್ರ ಜಾಸ್ತಿಯಾಯಿತು.

"ರೀ, ಹೊರಡೋಣ್ವಾ?"

"ಹೊರಟಿದ್ದೀವಲ್ಲೇ."

"ಗೋಡೆ ಅಲ್ಲೇ ಇದೆಯಲ್ಲಾ."

ಇಳಿದು ಬಾನೆಟ್ ಎತ್ತಿದೆ. ಇಂಜಿನ್ ಆಯಿಲಿನ ಡಿಪ್‌ಸ್ಟಿಕ್ ಎಳೆದರೆ, ಎಣ್ಣೆ ಮೇಲಿನ ಗುರುತು ದಾಟಿ ಎಲ್ಲೋ ಹೋಗಿತ್ತು. ಗೇರ್ ಬಾಕ್ಸಿನ ಡಿಪ್‌ಸ್ಟಿಕ್ ಎಳೆದರೆ ಒಣ ಕಡ್ಡಿ. ನಾನು ಖಾಲಿ ಮಾಡಿದ್ದು ಗೇರ್ ಬಾಕ್ಸನ್ನು, ತುಂಬಿಸಿದ್ದು ಇಂಜಿನ್ನನ್ನು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅವನು ನಗಲಿಲ್ಲ. ಅದೇ ಜಾಸ್ತಿ ಹಿಂಸೆಯಾಯಿತು. "ಬಂದದ್ದನ್ನ ಚೆಲ್ಲಿಬಿಟ್ರಾ ಸಾರ್?" ಅಂದ. ಇಲ್ಲ ಅಂದೆ. "ಒಳ್ಳೇದಾಯ್ತು. ಎಷ್ಟು ಬಂದಿದೆ ಅಳೆಯಿರಿ, ಅಷ್ಟೇ ಹೊಸದು ಹಾಕಬೇಕು. ಆಮೇಲೆ ಮೂಸಿ ನೋಡಿ."

ಹಾಗಾಗಿ ನಾವು ಗಂಡ ಹೆಂಡತಿ, ಹೊರಗೆ ಹೋಗಲು ಹಾಕಿಕೊಂಡ ಬಟ್ಟೆಯಲ್ಲೇ, ಒಂದು ಬೇಸಿನ್ ಸುತ್ತ ಕುಕ್ಕರುಗಾಲಲ್ಲಿ ಕೂತು ಎಣ್ಣೆ ಮೂಸಿದೆವು. ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟುಗಳು ಸುಟ್ಟಿವೆ ಅಂತ ಅರ್ಥವಂತೆ. ಹಾಲು ಬೆರೆಸಿದ ಹಾಗೆ ತಿಳಿ ಗುಲಾಬಿ ಬಣ್ಣ ಬಂದಿದ್ದರೆ ರೇಡಿಯೇಟರ್ ನೀರು ಸೇರಿದೆ ಅಂತ. ನಮ್ಮದರಲ್ಲಿ ಎರಡೂ ಇರಲಿಲ್ಲ. ಬಿಳಿ ಕಾಗದದ ಮೇಲೆ ಒಂದು ತೊಟ್ಟು ಬಿಟ್ಟೆವು. ತೊಟ್ಟು ಅಗಲವಾಗುತ್ತಾ ಹೋದಂತೆ ಕಂದು ಬಣ್ಣದ ಅಂಚಿನಲ್ಲಿ ತೆಳುವಾಗಿ ಕೆಂಪು ಕಾಣಿಸಿತು.

"ಅಯ್ಯೋ, ಇದು ಒಂದು ಕಾಲದಲ್ಲಿ ಕೆಂಪಗಿತ್ತು ಕಣ್ರೀ" ಅಂದಳು ಹೆಂಡತಿ, ಹಳೇ ಫೋಟೋ ನೋಡಿದವಳ ಹಾಗೆ.

ಹೌದು. ಎಟಿಎಫ್ ಅಂದರೆ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಫ್ಲೂಯಿಡ್‌ಗೆ ಬೇಕಂತಲೇ ಕೆಂಪು ಬಣ್ಣ ಹಾಕುತ್ತಾರೆ. ನೆಲದ ಮೇಲೆ ಸೋರಿದರೆ ಇದು ಇಂಜಿನ್ನಿನದಲ್ಲ, ಗೇರ್ ಬಾಕ್ಸಿನದು ಅಂತ ಗೊತ್ತಾಗಲಿ ಅಂತ. ನನ್ನಂಥವರಿಗಾಗಿಯೇ ಮಾಡಿದ ಏರ್ಪಾಡು. ಆದರೆ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದರೆ ಆ ಕೆಂಪು ಹೋಗಿಬಿಡುತ್ತದೆ. ಮಾವನವರು ಯಾರಿಗೂ ಮುಟ್ಟಲು ಬಿಡದೆ ಕಾಪಾಡಿದ ಎಣ್ಣೆ ಅದು.

"ಅವರು ಹೇಳಿದ್ದು ಪೂರ್ತಿ ಸುಳ್ಳಲ್ಲ ಸಾರ್" ಅಂದ ಮೆಕ್ಯಾನಿಕ್. "ಜನ ಗೇರ್ ಬಾಕ್ಸ್ ಹಿಡಿತ ತಪ್ಪಿ ಜಾರೋಕೆ ಶುರುವಾದ ಮೇಲೆ ಆಯಿಲ್ ಬದಲಾಯಿಸ್ತಾರೆ. ಅಷ್ಟರಲ್ಲಿ ಕ್ಲಚ್ ಪ್ಲೇಟ್ ಸವೆದು ಹೋಗಿರುತ್ತೆ. ಮುಂದಿನ ವಾರ ಗಾಡಿ ನಿಲ್ಲುತ್ತೆ. ಬೈಗುಳ ಹೊಸ ಆಯಿಲ್‌ಗೆ." ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಗುವುದು ಅಂದರೆ ಇದೇ. ಇಂಥ ಹಳೇ ಗಾಡಿಗೆ ಮೆಷಿನ್ ಹಾಕಿ ಒಂದೇ ಸಲ ಪೂರ್ತಿ ತೊಳೆಸುವುದು ಮಾತ್ರ ಬೇಡ ಅಂದ. ಬೋಲ್ಟ್ ಬಿಚ್ಚಿದರೆ ಹೇಗೂ ಅರ್ಧದಷ್ಟೇ ಹೊರಗೆ ಬರುವುದು, ಉಳಿದದ್ದು ಟಾರ್ಕ್ ಕನ್ವರ್ಟರ್ ಅನ್ನುವ, ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಎಣ್ಣೆ ತುಂಬಿದ ಭಾಗದ ಒಳಗೇ ಕೂತಿರುತ್ತದೆ. ಹಳಬರ ಜೊತೆ ಹೊಸಬರು ಮೆಲ್ಲಗೆ ಹೊಂದಿಕೊಳ್ಳಲಿ ಅನ್ನುವ ಲೆಕ್ಕ. ಅಳತೆಗೆ ಮೂರೂವರೆ ಲೀಟರ್ ಸಿಕ್ಕಿತು.

ಈಗ ಯಾವ ಎಟಿಎಫ್ ತರುವುದು? ಮೆಕ್ಯಾನಿಕ್ "ಬುಕ್‌ನಲ್ಲಿ ನೋಡಿ ಸಾರ್" ಅಂದು ಫೋನ್ ಇಟ್ಟ. ಬುಕ್ ಕಾರಿನ ಜೊತೆ ಬಂದಿರಲಿಲ್ಲ. ನಾನು ಎರಡು ರಾತ್ರಿ ಕೂತು ಓದಿದೆ. "ಎಲ್ಲಕ್ಕಿಂತ ಒಳ್ಳೇದು ಯಾವುದು" ಅಂತ ಹುಡುಕಿದ್ದೇ ತಪ್ಪಾಯಿತು. ಪ್ರತಿಯೊಂದೂ ಎಲ್ಲಕ್ಕಿಂತ ಒಳ್ಳೇದೇ.

ಮ್ಯಾನ್ಯುವಲ್ ಗೇರಿನಲ್ಲಿ ಎಣ್ಣೆ ಅಂದರೆ ಸುಮ್ನೆ ಜಿಡ್ಡು. ಆಟೋಮ್ಯಾಟಿಕ್‌ನಲ್ಲಿ ಎಣ್ಣೆಯೇ ಆಳು. ಇಂಜಿನ್ನಿನ ಶಕ್ತಿಯನ್ನು ಚಕ್ರದ ಕಡೆಗೆ ದಾಟಿಸುವುದು ಅದೇ, ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಅದುಮುವುದು ಅದೇ, ಬಿಸಿ ಹೊತ್ತು ಹೊರಗೆ ಹಾಕುವುದೂ ಅದೇ. ಮಜಾ ಏನೆಂದರೆ, ಬೇರಿಂಗಿನಲ್ಲಿ ಅದು ಜಾರಿಸಬೇಕು, ಪ್ಲೇಟಿನಲ್ಲಿ ಹಿಡಿಯಲು ಬಿಡಬೇಕು. ಅದೂ ಎಷ್ಟು ಬೇಗ, ಎಷ್ಟು ನಯವಾಗಿ ಹಿಡಿಯಬೇಕು ಅನ್ನುವುದರಲ್ಲಿ ಒಂದೊಂದು ಕಂಪನಿಗೆ ಒಂದೊಂದು ಹಟ. ಫೋರ್ಡ್‌ನ ಹಳೇ ಟೈಪ್ ಎಫ್ ಗಬಕ್ಕನೆ ಕಚ್ಚುವ ಜಾತಿ. ಜನರಲ್ ಮೋಟಾರ್ಸ್‌ನ ಡೆಕ್ಸ್ರಾನ್ ನಯವಾಗಿ ಹಿಡಿಯುವ ಜಾತಿ. ಕ್ರೈಸ್ಲರ್ ತನ್ನದೇ ಎಟಿಎಫ್ ಪ್ಲಸ್ 4 ಬೇಕೆನ್ನುತ್ತದೆ. ಟೊಯೊಟಾದಲ್ಲಿ ಹಳೇ ಗಾಡಿಗೆ ಟಿ 4, ಆಮೇಲಿನದಕ್ಕೆ ಡಬ್ಲ್ಯೂಎಸ್. ಒಂದರದ್ದು ಇನ್ನೊಂದಕ್ಕೆ ಹಾಕಿದರೆ ಗೇರ್ ಬೀಳುವಾಗ ಕಾರು ಚಳಿಜ್ವರ ಬಂದ ಹಾಗೆ ನಡುಗಬಹುದು. ಇನ್ನು ಸಿವಿಟಿ, ಅಂದರೆ ಹಲ್ಲುಚಕ್ರದ ಬದಲು ಬೆಲ್ಟಿನ ಮೇಲೆ ನಡೆಯುವ ಗೇರ್ ಬಾಕ್ಸ್ ಇದ್ದರೆ ಈ ಇಡೀ ಪುರಾಣವೇ ಬೇರೆ, ಅದಕ್ಕೆ ಸಿವಿಟಿ ಆಯಿಲೇ ಆಗಬೇಕು.

ಎರಡನೇ ರಾತ್ರಿ ಹನ್ನೊಂದು ಗಂಟೆಗೆ ನಾನು ತಿಮಿಂಗಿಲದ ಹತ್ತಿರ ಹೋಗಿ ನಿಂತಿದ್ದೆ. 1970ರ ದಶಕದ ಆರಂಭದವರೆಗೆ ಇಂಥ ಎಣ್ಣೆಗಳಲ್ಲಿ ಸ್ಪರ್ಮ್ ತಿಮಿಂಗಿಲದ ಎಣ್ಣೆ ಸೇರಿಸುತ್ತಿದ್ದರು, ಗೇರ್ ನಯವಾಗಿ ಬೀಳಲಿ ಅಂತ. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದ ಮೇಲೆ ಬೇರೆ ದಾರಿ ಹುಡುಕಬೇಕಾಯಿತು. ಹೆಂಡತಿಯನ್ನು ಎಬ್ಬಿಸಿ ಹೇಳಿದೆ. "ನಮ್ಮ ಕಾರು ಹೋಗುತ್ತಾ?" ಅಂದಳು. ಇಲ್ಲ ಅಂದೆ. "ಹಾಗಾದ್ರೆ ಮಲಗಿ."

ಮರುದಿನ ಬೆಳಗ್ಗೆ ಉತ್ತರ ಸಿಕ್ಕಿದ್ದು ಅವಳಿಗೇ. ಗೇರ್ ಬಾಕ್ಸಿನ ಡಿಪ್‌ಸ್ಟಿಕ್ಕನ್ನು ಅವಳ ಕೈಯಲ್ಲಿ ಕೊಟ್ಟು ಟಾರ್ಚ್ ಹುಡುಕುತ್ತಿದ್ದೆ. "ಇದರ ಮೇಲೆ ಏನೋ ಕೊರೆದಿದ್ದಾರಲ್ರೀ" ಅಂದಳು. ಸೀರೆಯ ಸೆರಗಿಗೆ ತಾಗದ ಹಾಗೆ ದೂರ ಹಿಡಿದು, ಉಗುರಿನಲ್ಲಿ ಕೊಳೆ ಕೆರೆದಳು. ಡೆಕ್ಸ್ರಾನ್ 2. ಮೂರು ದಿನದಿಂದ ಬಟ್ಟೆ ಹಾಕಿ ಒರೆಸುತ್ತಿದ್ದ ಕಡ್ಡಿ ಅದು.

ಹಾಡಿಕೊಂಡು ಅಂಗಡಿಗೆ ಹೋದೆ. ಅಲ್ಲಿ ಡೆಕ್ಸ್ರಾನ್ 2 ಇರಲಿಲ್ಲ. ಅದು 1970ರ ದಶಕದ್ದು, 1993ರಲ್ಲಿ ಅದರ ಜಾಗಕ್ಕೆ 3 ಬಂತು. 2005ರಲ್ಲಿ 6 ಬಂತು, 2006ರ ಕೊನೆಗೆ 3ರ ಹೆಸರು ಹಾಕಿಕೊಳ್ಳಲು ಎಣ್ಣೆ ಕಂಪನಿಗಳಿಗೆ ಲೈಸೆನ್ಸ್ ಕೊಡುವುದನ್ನು ಜನರಲ್ ಮೋಟಾರ್ಸ್ ನಿಲ್ಲಿಸಿತು. ನಾಲ್ಕು, ಐದು ಎಲ್ಲಿ ಅಂತ ಕೇಳಿದೆ. ಅಂಗಡಿಯವನು ನನ್ನನ್ನೇ ನೋಡಿದ. ಒಂದು ಡಬ್ಬಿಯ ಮೇಲೆ "ಎಲ್ಲ ವಾಹನಗಳಿಗೂ" ಅಂತ ಇತ್ತು. ಎಲ್ಲರಿಗೂ ಹೊಂದುತ್ತೇನೆ ಅನ್ನುವವರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಇನ್ನೊಂದರ ಮೇಲೆ "ಡೆಕ್ಸ್ರಾನ್ 3 ಕೇಳುವ ಗಾಡಿಗಳಿಗೆ ಸೂಕ್ತ" ಅಂತ ಇತ್ತು. ಡೆಕ್ಸ್ರಾನ್ 3 ಅಂತ ಇರಲಿಲ್ಲ, ಅದಕ್ಕೆ ಸೂಕ್ತ ಅಂತ ಇತ್ತು. ಅಳಿಯ ಅಲ್ಲ, ಮಗಳ ಗಂಡ. ನಾನೇ ಅಳಿಯನಾದ್ದರಿಂದ ಆ ಡಬ್ಬಿ ಇಷ್ಟವಾಯಿತು. ಮೆಕ್ಯಾನಿಕ್‌ಗೆ ಫೋನ್ ಹಾಕಿದೆ. 6 ತೆಳು, ಜನರಲ್ ಮೋಟಾರ್ಸ್ ಗಾಡಿಯಾದರೆ ಕಣ್ಣು ಮುಚ್ಚಿ ಹಾಕಬಹುದು, ನಿಮ್ಮದು ಬೇರೆ ಕಂಪನಿಯ ಹಳೇದು, 3ರ ಜಾತಿಯದೇ ತಗೊಳ್ಳಿ ಅಂದ.

ಡಿಪ್‌ಸ್ಟಿಕ್ ಇರುವ ಸಣ್ಣ ಕೊಳವೆಯಲ್ಲೇ ಹಾಕಬೇಕು. ಉದ್ದನೆಯ ಲಾಳಿಕೆ ಇಟ್ಟು ನೂಲಿನ ಹಾಗೆ ಸುರಿಯುತ್ತಾ ನಿಂತೆ. ಲಾಳಿಕೆ ಒಮ್ಮೆ ಜಾರಿತು. ಬಿಳಿ ಅಂಗಿಯ ಎದೆಗೆ ಅಚ್ಚ ಕೆಂಪು. ಪಕ್ಕದ ಮನೆಯವರು ಗೇಟಿನಿಂದ ನೋಡಿ "ಏನಾಯ್ತ್ರೀ!" ಅಂತ ಓಡಿಬಂದರು. ಗೇರ್ ಬಾಕ್ಸ್ ಆಯಿಲ್ ಅಂದ ಮೇಲೆ ಅವರ ಮುಖದಲ್ಲಿ ಕಂಡದ್ದು ಸಮಾಧಾನವೋ ನಿರಾಸೆಯೋ ಗೊತ್ತಾಗಲಿಲ್ಲ.

ಮೂರೂವರೆ ಲೀಟರ್ ಒಳಗೆ ಹೋಯಿತು. ಇನ್ನು ಅಳತೆ ನೋಡುವುದು. ಕೆಲವು ಗಾಡಿಗಳಲ್ಲಿ ಇಂಜಿನ್ ಆಫ್ ಮಾಡಿ ನೋಡಬೇಕು. ನಮ್ಮದರಲ್ಲಿ ಹಾಗಲ್ಲ. ಸಮ ನೆಲ, ಇಂಜಿನ್ ಬಿಸಿಯಾಗಿ ಓಡುತ್ತಿರಬೇಕು, ಬ್ರೇಕ್ ಒತ್ತಿ ಎಲ್ಲ ಗೇರಿಗೂ ಒಮ್ಮೆ ಹಾಕಿ ಪಾರ್ಕ್‌ಗೆ ತಂದು, ಆಮೇಲೆ ಕಡ್ಡಿ ಎಳೆಯಬೇಕು. ಕಡಿಮೆಯಾದರೆ ಜಾರುತ್ತದೆ, ಜಾಸ್ತಿಯಾದರೆ ನೊರೆ ಏಳುತ್ತದೆ. ಇಷ್ಟನ್ನೂ ಹೆಂಡತಿಗೆ ಪಾಠ ಮಾಡಿ ಕೀ ತಿರುಗಿಸಲು ಕೂತೆ.

"ರೀ, ತಡೀರಿ. ಇಂಜಿನ್ ಒಳಗೆ ಡಬಲ್ ಆಯಿಲ್ ಇತ್ತಲ್ಲ. ಅದನ್ನ ಯಾವಾಗ ತೆಗೆದ್ರಿ?"

ತೆಗೆದಿರಲಿಲ್ಲ. ತಿಮಿಂಗಿಲದವರೆಗೆ ಹೋಗಿ ಬಂದೆ, ಆ ನಾಲ್ಕು ಲೀಟರ್ ಮರೆತೇ ಹೋಗಿತ್ತು.

ಮತ್ತೆ ಜ್ಯಾಕ್ ಹಾಕಿದೆ, ಸ್ಟ್ಯಾಂಡ್ ಕೊಟ್ಟೆ, ಬೇಸಿನ್ ಎಳೆದುಕೊಂಡು ಅಡಿಗೆ ನುಸುಳಿದೆ. ಎರಡು ಬೋಲ್ಟ್. ಮಣ್ಣು ಈಗ ಎರಡರ ಮೇಲೂ ಇರಲಿಲ್ಲ, ಹೋದ ಸಲ ಬೋಲ್ಟ್ ಬಿಗಿದ ಮೇಲೆ ಶಿಸ್ತಾಗಿ ಎರಡನ್ನೂ ಒರೆಸಿದ್ದೆ. ಅವತ್ತು ಕಾರಿನ ಯಾವ ಕಡೆಯಿಂದ ನುಸುಳಿದ್ದೆ ಅನ್ನುವುದೂ ನೆನಪಿರಲಿಲ್ಲ. ಸ್ಪ್ಯಾನರ್ ಒಂದರ ಮೇಲಿಟ್ಟೆ, ತೆಗೆದೆ, ಇನ್ನೊಂದರ ಮೇಲಿಟ್ಟೆ.

ಮೇಲಿಂದ ಹೆಂಡತಿಯ ಧ್ವನಿ ಬಂತು. "ಮೆಲ್ಲಗೆ ಬಿಚ್ಚಿ. ಕೆಂಪಗೆ ಬಂತು ಅಂದ್ರೆ ತಕ್ಷಣ ಮುಚ್ಚಿಬಿಡಿ."