ಒಂದೇ ಒಂದು ನೂಲು ಸಾರ್!

ಬೆಳಗ್ಗೆ ಕಾಫಿ ಲೋಟ ಹಿಡಿದು ಹೊರಗೆ ಬಂದರೆ ಕಣದ ಸಿಮೆಂಟಿನ ಮೇಲೆ ಮತ್ತೆ ಎರಡು ಎಣ್ಣೆ ಮಚ್ಚೆ. ಒಂದು ಅಕ್ಕಿರೊಟ್ಟಿಯಷ್ಟು, ಇನ್ನೊಂದು ಅದರ ಮರಿ. ಜೀಪಿನ ಕಡೆ ನೋಡಿದೆ. ಎಡಕ್ಕೆ ಸ್ವಲ್ಪ ವಾಲಿಕೊಂಡು, ಕೋಳಿ ಕದ್ದ ನಾಯಿಯ ಹಾಗೆ ಎತ್ತಲೋ ನೋಡುತ್ತಾ ನಿಂತಿತ್ತು.

ಇಪ್ಪತ್ತು ದಿನದ ಹಿಂದೆ ಅದು ನೆಟ್ಟಗೇ ಇತ್ತು. ಎಗರುತ್ತಿತ್ತು, ಕುಲುಕುತ್ತಿತ್ತು, ಸೊಂಟ ಹಿಡಿಸುತ್ತಿತ್ತು, ನಿಜ. ಆದರೆ ವಾಲುತ್ತಿರಲಿಲ್ಲ, ಸೋರುತ್ತಿರಲಿಲ್ಲ. ಅಷ್ಟರಲ್ಲಿ ಬೆಂಗಳೂರಿನಿಂದ ಅಕ್ಕನ ಮಗ ಬಂದ. ಹಿಂದಿನ ಸೀಟಲ್ಲಿ ಕೂತು ಕೆಳಗಿನ ತೋಟಕ್ಕೆ ಹೋಗಿ ಬಂದವನು ಇಳಿಯುತ್ತಲೇ, “ಮಾವ, ಪ್ಲೇಟ್ ಸ್ಪ್ರಿಂಗ್ ತೆಗ್ಸಿ. ಕಾಯಿಲ್ ಹಾಕ್ಸಿ, ಫೋರ್ ಲಿಂಕ್ ಮಾಡ್ಸಿ. ಆಫ್ ರೋಡಿಗೆ ಸೂಪರ್” ಎಂದ. ಅವನಿಗೆ ಆಫ್ ರೋಡ್ ಅಂದರೆ ಭಾನುವಾರದ ಆಟ. ನಮಗೆ ಅದು ಮನೆಗೆ ಹೋಗುವ ದಾರಿ.

ಮೂರು ರಾತ್ರಿ ಕೂತು ವಿಡಿಯೊ ನೋಡಿದೆ. ಪ್ಲೇಟ್ ಸ್ಪ್ರಿಂಗ್ ಪಾಪ ಎರಡು ಕೆಲಸ ಮಾಡುತ್ತದೆ. ಭಾರವನ್ನೂ ಹೊರುತ್ತದೆ, ಆಕ್ಸಲ್ ಅತ್ತಿತ್ತ ಹೋಗದಂತೆ ಹಿಡಿದೂ ಇಡುತ್ತದೆ. ಕಾಯಿಲ್‌ಗೆ ಭಾರ ಹೊರುವುದಷ್ಟೇ ಗೊತ್ತು. ಹಿಡಿದಿಡಲು ನಾಲ್ಕು ಸರಳು ಬೇಕು, ಅದೇ ಫೋರ್ ಲಿಂಕ್. ಸರಳು ಕಟ್ಟಲು ಆಕ್ಸಲ್ ಹೌಸಿಂಗಿನ ಮೇಲೆ, ಅಂದರೆ ಚಕ್ರ ತಿರುಗಿಸುವ ಶಾಫ್ಟು ಒಳಗಿರುವ ಕಬ್ಬಿಣದ ಕೊಳವೆಯ ಮೇಲೆ, ಬ್ರಾಕೆಟ್ ಬೇಕು. ಕೆಳಗೆ ಎರಡು, ಮೇಲೆ ಎರಡು, ಕಾಯಿಲ್ ಕೂರಲು ಎರಡು ಬಟ್ಟಲು, ಶಾಕ್ ಅಬ್ಸಾರ್ಬರಿಗೆ ಎರಡು ಕಿವಿ. ಎಲ್ಲವೂ 6 ಎಂಎಂ ಪ್ಲೇಟು. ಎಂಟು ತುಂಡು ಕಬ್ಬಿಣ ಅಂಟಿಸಲು ಎಷ್ಟು ದಿನ ಬೇಕು? ಮೇಸ್ತ್ರಿ “ಎರಡು ದಿನ” ಎಂದ. ಹೀಗೆ ಬದಲಾಯಿಸಿದ ಗಾಡಿಯನ್ನು ರೋಡಿಗೆ ಇಳಿಸುವ ಹಾಗಿಲ್ಲ. ಇರಲಿ, ತೋಟದೊಳಗೇ ಓಡಲಿ ಎಂದುಕೊಂಡೆ.

ಈ ಮೇಸ್ತ್ರಿಯ ಬಗ್ಗೆ ಸ್ವಲ್ಪ ಹೇಳಬೇಕು. ವೆಲ್ಡಿಂಗಿನಲ್ಲಿ ಅವನನ್ನು ಮೀರಿಸುವವರಿಲ್ಲ. ಗೆರೆ ಎಳೆದರೆ ಚಕ್ಕುಲಿ ಒತ್ತಿದ ಹಾಗೆ ಒಂದೇ ಸಮ. ತೊಂದರೆ ಇರುವುದು ಅಳತೆಯಲ್ಲಿ. ಅವನ ಟೇಪಿನ ಮೊದಲ ಇಂಚು ಯಾವ ಕಾಲದಲ್ಲೋ ಮುರಿದುಹೋಗಿದೆ. ಹಾಗಾಗಿ ಒಂದರಿಂದ ಅಳೆಯಲು ಶುರು ಮಾಡಿ ಕೊನೆಗೆ ಒಂದು ಕಳೆಯುತ್ತಾನೆ. ನೆನಪಿದ್ದರೆ.

ಮತ್ತೆ ಅವನ ನೂಲು. ಇಂಚಿಗೆ 8 ನೂಲು, ಅಂದರೆ ಒಂದು ನೂಲು 3 ಎಂಎಂ ಚಿಲ್ಲರೆ. ಮರಗೆಲಸದವರಿಗೆ, ಗಾರೆಯವರಿಗೆ ಅದು ಅಳತೆ. ನಮ್ಮ ಮೇಸ್ತ್ರಿಗೆ ಅದು ಸಮಜಾಯಿಷಿ. ಎಂಟೂವರೆಗೆ ಬರ್ತೀನಿ ಎಂದವನು ಹನ್ನೊಂದಕ್ಕೆ ಬಂದು “ಒಂದು ನೂಲು ಲೇಟಾಯ್ತು ಸಾರ್” ಎನ್ನುತ್ತಾನೆ. ಹೆಂಡತಿ ಕಾಫಿ ಕೊಟ್ಟರೆ “ಸಕ್ಕರೆ ಒಂದು ನೂಲು ಕಮ್ಮಿ ಅಕ್ಕ”. ರಾಡಿನ ದುಡ್ಡು ಕೇಳುವಾಗ “ರೇಟು ಒಂದು ನೂಲು ಜಾಸ್ತಿಯಾಗಿದೆ”. ಬ್ರಾಕೆಟ್ಟಿನ ತೂತಿಗೂ ಬೋಲ್ಟಿಗೂ ನಡುವೆ ಸಂದು ಕಂಡು ನಾನು ಕೂಗಿದರೆ, “ಒಂದೇ ಒಂದು ನೂಲು ಸಾರ್, ಟೈಟ್ ಮಾಡಿದ್ರೆ ಕೂತ್ಕೊಳ್ಳುತ್ತೆ”. ಬೋಲ್ಟಿನ ತೂತು ಅಷ್ಟು ಸಡಿಲವಿದ್ದರೆ ಪ್ರತಿ ಗುಂಡಿಗೂ ಟಕ್ ಟಕ್ ಅನ್ನುತ್ತದೆ, ಬರಬರುತ್ತಾ ತೂತು ಮೊಟ್ಟೆಯ ಆಕಾರಕ್ಕೆ ಬರುತ್ತದೆ ಎಂದೆ. “ಆಗ ಮೇಲೊಂದು ವಾಷರ್ ವೆಲ್ಡ್ ಮಾಡಿಕೊಡ್ತೀನಿ ಬಿಡಿ” ಎಂದ. ಈ ಇಪ್ಪತ್ತು ದಿನದಲ್ಲಿ ಅವನು ಹೇಳಿದ ನೂಲನ್ನೆಲ್ಲ ಒಟ್ಟು ಮಾಡಿದರೆ ಒಂದು ಸೀರೆ ನೇಯಬಹುದು.

ಸೀರೆ ಅಂದಾಗ ನೆನಪಾಯಿತು. ಬ್ರಾಕೆಟ್ಟಿನ ನಮೂನೆ ಕತ್ತರಿಸಲು ದಪ್ಪ ರಟ್ಟು ಬೇಕಿತ್ತು. ಬೀರುವಿನಲ್ಲಿದ್ದ ಸೀರೆ ಡಬ್ಬದ ಮುಚ್ಚಳ ಸರಿಯಾಗಿ ಒದಗಿತು. ಅದರ ಬಗ್ಗೆ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟೆಲ್ಲ ಬೈಸಿಕೊಂಡು ಮಾಡಿದ ನಮೂನೆ ಇಟ್ಟುಕೊಂಡು ಮೇಸ್ತ್ರಿ ಕೆಳಗಿನ ಎರಡೂ ಬ್ರಾಕೆಟ್ಟನ್ನು ಎಡಗಡೆಗೇ ಮಾಡಿದ. ಒಂದೇ ಕಾಲಿನ ಎರಡು ಚಪ್ಪಲಿ.

ಹೌಸಿಂಗಿನ ಮೇಲೆ ಪ್ಲೇಟ್ ಸ್ಪ್ರಿಂಗ್ ಕೂರುವ ಹಳೇ ಸೀಟನ್ನು ಗ್ರೈಂಡರಿನಲ್ಲಿ ಕತ್ತರಿಸುವಾಗ ಮಾತ್ರ ನಾನು ಸುಮ್ಮನಿದ್ದೆ. ಪೇಂಟಿನ ಕೆಳಗೆ ಒಂದು ವೆಲ್ಡಿಂಗು, ಅದರ ಕೆಳಗೆ ಇನ್ನೊಂದು. 1994ರಲ್ಲಿ ಬ್ರೆಜಿಲಿನ ಕಾಫಿ ತೋಟಗಳು ಚಳಿಗೆ ಸುಟ್ಟುಹೋಗಿ ಇಲ್ಲಿ ಬೆಲೆ ಏರಿತಲ್ಲ, ಆ ದುಡ್ಡಲ್ಲಿ ಅಪ್ಪ ತಂದ ಜೀಪು ಇದು. ಒಂದು ಮಳೆಗಾಲದ ರಾತ್ರಿ ಎಡಗಡೆಯ ಸ್ಪ್ರಿಂಗ್ ಸೀಟು ಕಿತ್ತುಬಂದಾಗ ಮುರಿದ ಗುದ್ದಲಿಯ ತುಂಡು ಇಟ್ಟು ತೇಪೆ ಹಾಕಿಸಿದ್ದರು. ನನಗಾಗ ಹತ್ತು ವರ್ಷ. ಟಾರ್ಚು ಹಿಡಿದವನು ನಾನೇ. “ಅಲ್ಲಾಡಿಸ್ಬೇಡ್ವೋ” ಎಂದು ಅಪ್ಪ ಬೈದದ್ದು ಈಗಲೂ ಕಿವಿಯಲ್ಲಿದೆ. ಆ ತುಂಡು ಕಳಚಿ ಕೆಳಗೆ ಬಿತ್ತು. ಮೇಸ್ತ್ರಿ ಎತ್ತಿಕೊಂಡು, ಮಸಿ ಒರೆಸಿ, ಹಿಂದೆಮುಂದೆ ತಿರುಗಿಸಿ ನೋಡಿದ.

“ಇದು ನಮ್ಮಪ್ಪನ ವೆಲ್ಡಿಂಗು ಸಾರ್.”

“ಹೇಗೆ ಗೊತ್ತು?”

“ಒಂದು ನೂಲು ಓರೆ ಇದೆ ನೋಡಿ.”

ಆ ತುಂಡನ್ನು ತೆಗೆದಿಟ್ಟಿದ್ದೇನೆ. ಯಾಕೆ ಅಂತ ಕೇಳಬೇಡಿ.

ಮಾರನೇ ದಿನ ವಿರಾಜಪೇಟೆಯಲ್ಲಿ ಮದುವೆ. ಹೊರಡುವ ಮುಂಚೆ ಮೂರು ಸಲ ಹೇಳಿದೆ. ಎಲ್ಲ ಬ್ರಾಕೆಟ್ಟಿಗೂ ಸದ್ಯಕ್ಕೆ ನಿಲ್ಲುವಷ್ಟು ಬರೀ ಚುಕ್ಕೆ ವೆಲ್ಡಿಂಗ್ ಹಾಕಿ, ಜೀಪಿನಡಿ ಕೂರಿಸಿ ನೋಡೋಣ. ಆಮೇಲೆ ಇಲ್ಲೊಂದು ಇಂಚು, ಆ ಕಡೆ ಒಂದು ಇಂಚು, ಮುಟ್ಟಿದರೆ ಕೈ ಸುಡದಷ್ಟು ಆರಲಿ, ಮತ್ತೆ ಒಂದು ಇಂಚು. ಒಂದೇ ಕಡೆ ಉದ್ದಕ್ಕೆ ಎಳೆದರೆ ವೆಲ್ಡಿಂಗು ಆರುತ್ತಾ ಕುಗ್ಗಿ ಹೌಸಿಂಗನ್ನೇ ತನ್ನ ಕಡೆಗೆ ಬಗ್ಗಿಸಿಬಿಡುತ್ತದೆ. “ಗೊತ್ತು ಸಾರ್, ನೀವು ಆರಾಮಾಗಿ ಊಟ ಮಾಡ್ಕೊಂಡು ಬನ್ನಿ” ಎಂದ. ಆರಾಮಾಗಿಯೇ ಮಾಡಿದೆ. ಪಂದಿಕರಿ, ಕಡಂಬುಟ್ಟು, ಎರಡನೇ ಸಲವೂ ಪಂದಿಕರಿ. ನಾಲ್ಕಕ್ಕೆ ಬಂದು ನೋಡಿದರೆ ಎಂಟೂ ಬ್ರಾಕೆಟ್ಟು ಪೂರ್ತಿ ಮುಗಿದಿದೆ.

“ಮೂರಕ್ಕೆ ಕರೆಂಟ್ ಹೋಗುತ್ತೆ ಅಂದ್ರು ಸಾರ್. ಅದಕ್ಕೇ ಒಂದೇ ಉಸಿರಿಗೆ ಎಳೆದುಬಿಟ್ಟೆ.”

ಕರೆಂಟು ಹೋಗಿರಲಿಲ್ಲ. ಈ ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗದಿದ್ದ ಒಂದೇ ದಿನ ಅದು.

ಆಕ್ಸಲ್ ಶಾಫ್ಟ್ ತೂರಿಸಿದರೆ ಮುಕ್ಕಾಲು ಪಾಲು ಹೋಗಿ ನಿಂತಿತು. ತಿರುಗಿಸಿದೆವು, ಗ್ರೀಸ್ ಹಚ್ಚಿದೆವು, ಮರದ ತುಂಡು ಇಟ್ಟು ತಟ್ಟಿದೆವು. ಹೌಸಿಂಗು ಬಾಳೆಕಾಯಿಯ ಹಾಗೆ ಎರಡೂ ತುದಿ ಮೇಲೆತ್ತಿಕೊಂಡು ಮಲಗಿತ್ತು. ಎಷ್ಟು ಬಗ್ಗಿದೆ ಎಂದು ಮೇಸ್ತ್ರಿಯನ್ನು ಕೇಳಲಿಲ್ಲ. ಉತ್ತರ ಗೊತ್ತಿತ್ತು.

ರಾತ್ರಿಯಿಡೀ ಬೈಗುಳ ಜೋಡಿಸಿಕೊಂಡೆ. ಬೆಳಗ್ಗೆ ಅವನು ಬಂದು ಹೌಸಿಂಗನ್ನು ಮಗುಚಿ ಹಾಕಿ, ಬ್ರಾಕೆಟ್ಟೇ ಇಲ್ಲದ ಜಾಗದಲ್ಲಿ ಸುಮ್ನೆ ಒಂದು ಗೆರೆ ಎಳೆದ. ಕೂತು ಬೀಡಿ ಸೇದಿದ. ಆ ತುದಿಯಲ್ಲಿ ಇನ್ನೊಂದು ಗೆರೆ, ಇನ್ನೊಂದು ಬೀಡಿ. ಬಗ್ಗಿಸಿದ ಬಿಸಿಯೇ ಈಗ ಎದುರು ಕಡೆಯಿಂದ ಎಳೆದು ನೆಟ್ಟಗೆ ಮಾಡುತ್ತಿತ್ತು. ನಾಲ್ಕನೇ ಬೀಡಿ ಮುಗಿಯುವಾಗ ಶಾಫ್ಟು ಸರ್ರನೆ ಒಳಗೆ ಹೋಯಿತು. ನನ್ನ ಬೈಗುಳ ಹಾಗೇ ಉಳಿಯಿತು. ಇವತ್ತಿಗೂ ಹೊಟ್ಟೆ ಉರಿಯುವುದು ಅದಕ್ಕೇ. ಕೆಡಿಸಿದವನೇ ಇಷ್ಟು ಸಲೀಸಾಗಿ ಸರಿ ಮಾಡಿಬಿಟ್ಟರೆ ಸಿಟ್ಟು ಬಂದವರು ಎಲ್ಲಿಗೆ ಹೋಗಬೇಕು?

ಆದರೆ ಶಾಫ್ಟ್ ಬಿಚ್ಚಿದ್ದ ಪುಣ್ಯಾತ್ಮ ಎಣ್ಣೆ ಸೋರದಂತೆ ತಡೆಯುವ ಸೀಲ್ ಬಿಚ್ಚಿರಲಿಲ್ಲ. ಬಿಸಿಗೆ ರಬ್ಬರು ಸುಟ್ಟಿದೆ. ಹೊಸದು ಮೈಸೂರಿನಿಂದ ಬರಬೇಕು. ಅಲ್ಲಿಯವರೆಗೆ ದಿನಾ ಕಣದ ಮೇಲೆ ಅಕ್ಕಿರೊಟ್ಟಿ.

ವಾಲುವ ವಿಚಾರಕ್ಕೆ ಇವತ್ತು ಫೋನ್ ಮಾಡಿದೆ. “ನಿಮ್ಮ ಕಣವೇ ಓರೆ ಸಾರ್” ಎಂದ. ಓರೆ ಹೌದು, ಮಳೆನೀರು ಹರಿದುಹೋಗಬೇಕಲ್ಲ. ಜೀಪನ್ನು ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದೆ. ಆಗಲೂ ಎಡಕ್ಕೇ ವಾಲಿತು. ಮತ್ತೆ ಫೋನ್ ಮಾಡಿದೆ.

“ಎಷ್ಟು ವಾಲಿದೆ ಸಾರ್?”

“ಮೂರು ನೂಲು!” ಎಂದು ಕಿರುಚಿದ ಮೇಲೆ ಏನು ಹೇಳಿದೆ ಎಂದು ನನಗೇ ಕೇಳಿಸಿತು.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ನೀವು ಡ್ರೈವರ್ ಸೀಟಲ್ಲಿ ಕೂತು ನೋಡಿದ್ರಾ?” ಎಂದ.

ಹೆಂಡತಿಯ ಕೈಗೆ ಮೊದಲ ಇಂಚು ಇರುವ ಟೇಪು ಕೊಟ್ಟು ಹೋಗಿ ಕೂತೆ. ಅವಳು ಆ ಕಡೆ ಈ ಕಡೆ ಎರಡೆರಡು ಸಲ ಅಳೆದಳು.

“ರೀ, ಸಮ ಇದೆ!”

ಇಳಿಯಲು ಕಾಲು ಹೊರಗೆ ಹಾಕಿದೆ. “ಇಳೀಬೇಡಿ, ಮತ್ತೆ ವಾಲುತ್ತೆ” ಎಂದಳು. ಆಮೇಲೆ ಏನೋ ಹೊಳೆದ ಹಾಗೆ ಟೇಪು ಸುತ್ತುತ್ತಾ ಹತ್ತಿರ ಬಂದಳು.

“ಹಾಗಾದ್ರೆ ನಾನು ಪಕ್ಕದಲ್ಲಿ ಕೂತ್ರೆ?”

ನಾನಿನ್ನೂ ಉತ್ತರ ಕೊಟ್ಟಿಲ್ಲ. ಜೀಪಿನಲ್ಲೇ ಕೂತಿದ್ದೇನೆ.