ಆರು ಜನ, ಒಂದು ಟ್ಯಾಬು, ಪಿನ್ 1234

ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ಕೂತು, ಎಲ್ಲೋ ಅಮೆರಿಕದ ಬ್ಯಾಂಕಿನ ಲೆಕ್ಕವನ್ನು ಯಾರು ನೋಡಬಹುದು, ಯಾರು ನೋಡಬಾರದು ಎಂದು ಅಳೆದು ಸುರಿದು ತೀರ್ಮಾನಿಸುವವರು ನಮ್ಮ ಬೆಂಗಳೂರಿನ ಇಂಜಿನಿಯರುಗಳು. ಕೊರಳಲ್ಲಿ ಐಡಿ ಕಾರ್ಡು ಇಲ್ಲದಿದ್ದರೆ ಬಾಗಿಲು ತೆರೆಯದು. ಪಾಸ್‌ವರ್ಡ್ ಕೊಟ್ಟರೂ ಓಟಿಪಿ ಬೇಕು. ಕಾಫಿಗೆಂದು ಎದ್ದರೂ ಪರದೆಗೆ ಬೀಗ.

ಇದೇ ಮಹನೀಯರ ಮನೆಯ ಟೀಪಾಯಿ ಮೇಲೆ ಒಂದು ಟ್ಯಾಬ್ಲೆಟ್ ಬಿದ್ದಿರುತ್ತದೆ. ಬಳಸುವವರು ಆರು ಜನ, ಖಾತೆ ಒಂದೇ. ಪಿನ್ 1234. ಅಜ್ಜಿಗೆ ಮರೆತುಹೋಗಬಾರದಲ್ಲ, ಅದಕ್ಕೇ ಹಿಂಬದಿಗೆ ಚೀಟಿ ಬೇರೆ ಅಂಟಿಸಿದೆ.

ಅದರ ಗ್ಯಾಲರಿ ತೆರೆದರೆ ಮಾವನವರ ಪ್ಯಾನ್ ಕಾರ್ಡು, ಸೊಸೆಯ ಸ್ಕ್ಯಾನಿಂಗ್ ರಿಪೋರ್ಟು, ನಾದಿನಿಯ ಜಾತಕ, ಹುಡುಗನ ಹೋಂವರ್ಕು ಒಂದರ ಪಕ್ಕ ಒಂದು. ಯೂಟ್ಯೂಬಿನಲ್ಲಿ ವಿಷ್ಣು ಸಹಸ್ರನಾಮ ಮುಗಿಯುವ ಮೊದಲೇ ಕೂದಲು ನಾಟಿಯ ಜಾಹೀರಾತು. ಯಾರು ಹುಡುಕಿದ್ದು? ಮನೆಮಂದಿಯೆಲ್ಲ ಒಬ್ಬರ ನೆತ್ತಿ ಇನ್ನೊಬ್ಬರು ನೋಡುತ್ತಾರೆ. ಮಗ ರಾತ್ರಿ ಗುಟ್ಟಾಗಿ ನೋಟಿಸ್ ಪೀರಿಯಡ್ ಬಗ್ಗೆ ಹುಡುಕಿದ್ದರೆ, ಬೆಳಗ್ಗೆ ಮ್ಯಾನೇಜರಿಗಿಂತ ಮೊದಲು ಅಮ್ಮ ದೋಸೆ ಹುಯ್ಯುತ್ತಲೇ ಕೇಳುತ್ತಾರೆ: "ಕೆಲಸ ಬಿಡ್ತಿದ್ದೀಯೇನೋ?"

ಸೊಸೆ ಎಲ್ಲಾದರೂ "ಬೇರೆ ಬೇರೆ ಖಾತೆ ಮಾಡ್ಕೊಳ್ಳೋಣ ಅತ್ತೆ" ಅಂದಳೋ, ಮುಗಿಯಿತು. "ಮಾಡ್ಕೋಮ್ಮ, ಮಾಡ್ಕೋ. ಮುಚ್ಚಿಡೋ ಅಂಥದ್ದು ಇರೋರು ಮಾಡ್ಕೋಬೇಕಪ್ಪ." ಆ ಸಂಜೆ ಸಾರಿಗೆ ಉಪ್ಪು ಬಿದ್ದಿರುವುದಿಲ್ಲ.

ಇದರಲ್ಲಿ ಅತ್ತೆಯವರದೇ ತಪ್ಪು ಎನ್ನಲಾರೆ. ಟ್ಯಾಬು ಮಾಡುವ ಕಂಪನಿಯೂ ಅವರ ಪಕ್ಷ. ಐಪ್ಯಾಡ್ ಬಂದದ್ದು 2010ರಲ್ಲಿ. ಒಂದೇ ಐಪ್ಯಾಡನ್ನು ಹಲವು ಮಕ್ಕಳು ತಂತಮ್ಮ ಖಾತೆಯಲ್ಲಿ ಬಳಸುವ ಏರ್ಪಾಡನ್ನು ಆಪಲ್ 2016ರಲ್ಲಿ ಶಾಲೆಗಳಿಗೆ ಕೊಟ್ಟಿತು, 2020ರಲ್ಲಿ ಕಚೇರಿಗಳಿಗೂ ಕೊಟ್ಟಿತು. ಮನೆಗೆ? ಇಲ್ಲ. ಕುಟುಂಬವೆಂದರೆ ಅವಿಭಕ್ತವೇ ಆಗಿರಬೇಕು ಎಂಬ ಸನಾತನ ನಂಬಿಕೆ ಕ್ಯಾಲಿಫೋರ್ನಿಯಾದಲ್ಲಿ ಇಷ್ಟು ಗಟ್ಟಿಯಾಗಿದೆಯೆಂದು ಗೊತ್ತಿರಲಿಲ್ಲ. ಖಾಸಗಿತನ ಬೇಕಾದವರು ತಲೆಗೊಂದು ಕೊಳ್ಳಬಹುದು, ಅಂಗಡಿಯವರು ಬೇಡ ಎನ್ನುವುದಿಲ್ಲ. ಬೆರಳಚ್ಚಿನ ಐಪ್ಯಾಡಾದರೆ ಐದು ಬೆರಳುಗಳನ್ನು ನೋಂದಾಯಿಸಬಹುದು. ಐವರೂ ಒಂದೊಂದು ಬೆರಳು ಕೊಟ್ಟರೂ ತೆರೆಯುವುದು ಮಾತ್ರ ಅದೇ ಒಂದು ಕೋಣೆ.

ಐವರು ಎಂದ ಮೇಲೆ ಪಾಂಡವರನ್ನು ಬಿಡಲಾದೀತೇ? ನಾರದರ ಮಾತಿನಂತೆ ಅವರು ಒಂದು ಕಟ್ಟಳೆ ಮಾಡಿಕೊಂಡಿದ್ದರು: ದ್ರೌಪದಿಯೊಂದಿಗೆ ಒಬ್ಬನಿರುವಾಗ ಇನ್ನೊಬ್ಬ ಒಳಗೆ ಕಾಲಿಡುವಂತಿಲ್ಲ. ಬ್ರಾಹ್ಮಣನ ಹಸುಗಳನ್ನು ಬಿಡಿಸಲು ಆಯುಧ ಬೇಕೆಂದು ಒಳಹೊಕ್ಕ ಅರ್ಜುನ, ಧರ್ಮರಾಯನೇ ಬೇಡವೆಂದರೂ ಕೇಳದೆ ಹನ್ನೆರಡು ವರ್ಷ ಊರು ಬಿಟ್ಟ. ನಮ್ಮಲ್ಲಿ "ಚಾರ್ಜರ್ ತಗೊಳ್ಳೋಕೆ ಬಂದೆ" ಎಂದು ಬಾಗಿಲು ತಳ್ಳಿದವರು ಯಾರೂ ಕೆಂಗೇರಿಯವರೆಗಾದರೂ ಹೋದದ್ದಿಲ್ಲ.

ಆಂಡ್ರಾಯ್ಡ್ ಟ್ಯಾಬುಗಳಲ್ಲಿ ತಲೆಗೊಂದು ಖಾತೆ ಮಾಡಿಕೊಳ್ಳುವ ಸೌಲಭ್ಯ 2012ರಿಂದಲೇ ಇದೆ. ಬಳಸುವವರನ್ನು ನಾನಂತೂ ಕಂಡಿಲ್ಲ. ಕಾರಣ ಸರಳ: ಉಳಿದವರ ಖಾತೆಯನ್ನು ಅಳಿಸುವ ಅಧಿಕಾರ ಒಬ್ಬ ಯಜಮಾನನಿಗಿರುತ್ತದೆ. ಆ ಯಜಮಾನ ಯಾರು? ಮನೆ ಕಟ್ಟಿಸಿದ ಅಪ್ಪನೋ, ಟ್ಯಾಬಿನ ಇಎಂಐ ಕಟ್ಟಿದ ಮಗನೋ, ವೈಫೈ ಬಿಲ್ಲು ಕಟ್ಟುವ ಸೊಸೆಯೋ? ಸೈಟು ಭಾಗವಾದದ್ದೇ ಇನ್ನೂ ಸಿವಿಲ್ ಕೋರ್ಟಿನಲ್ಲಿದೆ, ಇದೊಂದು ಬೇರೆ ಬೇಕೆ? ಅತಿಥಿಗೆಂದೂ ಒಂದು ಖಾತೆಯುಂಟು. ಅವರು ಎದ್ದುಹೋದ ಮೇಲೆ ಗುರುತೇ ಉಳಿಯದಂತೆ ಅಳಿಸಬಹುದಂತೆ. ಬಂದುಹೋದ ನೆಂಟರ ವಿಷಯವನ್ನು ವಾರಗಟ್ಟಲೆ ಮೆಲುಕು ಹಾಕುವ ಮನೆಯಲ್ಲಿ ಇದನ್ನು ಯಾರು ಒಪ್ಪುತ್ತಾರೆ?

ಕಾನೂನಿನ ಮೊರೆ ಹೋಗೋಣ ಎಂದರೆ ಅಲ್ಲಿ ಇನ್ನೂ ಸೊಗಸು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಕ್ಕೊರಲಿನಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಅದಕ್ಕೆ ಅರ್ಜಿ ಹಾಕಿದ್ದವರು ಇದೇ ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಮೇಲೆ 2023ರಲ್ಲಿ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು, ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ಸ್ವಂತಕ್ಕೆ, ಮನೆ ಬಳಕೆಗೆ ಮಾಡಿಕೊಂಡದ್ದಕ್ಕೆ ಕಾಯ್ದೆ ಅನ್ವಯಿಸುವುದಿಲ್ಲವೆಂದು ಅದರಲ್ಲೇ ಬರೆದಿದೆ. ಅಂದರೆ ಅತ್ತೆ ಬಚಾವ್.

ಅದೇ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಕ್ಕಳ ದತ್ತಾಂಶ ಮುಟ್ಟಲು ಹೆತ್ತವರ ಸಮ್ಮತಿ ಬೇಕು, ಅದೂ ಪರಿಶೀಲಿಸಿ ಪಡೆದ ಸಮ್ಮತಿ. ಸಂತೋಷ. ಮನೆಯಲ್ಲಿ ನಡೆಯುವುದೇನೆಂದರೆ, ತಾತ ಟ್ಯಾಬನ್ನು ಕೈಯಳತೆ ದೂರ ಹಿಡಿದು, ಕನ್ನಡಕ ಏರಿಸಿ, "ಪುಟ್ಟಾ, ಏನೋ ಕೇಳ್ತಿದೆ ನೋಡೋ" ಎನ್ನುತ್ತಾರೆ. ಮೂರನೇ ಕ್ಲಾಸಿನ ಪುಟ್ಟ ಕ್ಯಾಮೆರಾ, ಮೈಕು, ಕಾಂಟ್ಯಾಕ್ಟ್ಸು ಎಲ್ಲಕ್ಕೂ ಓದದೆಯೇ ಟಪಟಪ ಒಪ್ಪಿಗೆ ಒತ್ತಿ, "ಆಯ್ತು ತಾತ, ಇನ್ನು ನನ್ ಟರ್ನು" ಎಂದು ಟ್ಯಾಬು ಕಿತ್ತುಕೊಂಡು ಒಳಗೆ ಓಡುತ್ತಾನೆ.